ಹಸಿರು ಟಿಕ್ಕಿನ ಮುಯ್ಯಿ

ಕೆಂಪರಾಜುವಿನ ಗ್ರಹಚಾರಕ್ಕೆ ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಅದೇ ವಾರ 'ಕಸುಬುಕಟ್ಟೆ'ಯನ್ನು ಕೊಂಡುಕೊಂಡಿತು. ಸ್ವಲ್ಪ ಮುಂಚೆ ಕೊಂಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸ್ವಲ್ಪ ತಡವಾಗಿ ಕೊಂಡಿದ್ದರೂ ಬದುಕಿಕೊಳ್ಳುತ್ತಿದ್ದ. ಆದರೆ ದೊಡ್ಡವರು ವ್ಯಾಪಾರ ಮಾಡುವಾಗ ಬಾಶೆಟ್ಟಿಹಳ್ಳಿಯಲ್ಲಿ ಕ್ರೇಟು ಎಣಿಸುವವನ ಅನುಕೂಲ ಕೇಳುತ್ತಾರೆಯೇ?

ಕಸುಬುಕಟ್ಟೆ ಎಂದರೆ ಉದ್ಯೋಗಸ್ಥರೆಲ್ಲ ಮೊಬೈಲಿನಲ್ಲೇ ಸೇರುವ ಒಂದು ಕಟ್ಟೆ. ಅಲ್ಲಿ ಹೆಸರು, ಕೆಲಸ, ಅನುಭವ ಬರೆದುಕೊಳ್ಳಬೇಕು. ನಮಗೆ ಏನೇನು ಬರುತ್ತದೆಂದು ನಾವೂ ಬರೆಯಬಹುದು, ನಮ್ಮ ಪರಿಚಯದವರೂ ಬರೆಯಬಹುದು. 'ಹೌದು, ಇವನಿಗೆ ಇದು ಬರುತ್ತದೆ' ಎಂದು ಒಪ್ಪುವವರು ಪಕ್ಕದಲ್ಲಿ ಒತ್ತಿದರೆ ಒಂದು ಹಸಿರು ಟಿಕ್ಕು ಮೂಡುತ್ತದೆ. ಓದಿದವರು ಇದಕ್ಕೆ ವೃತ್ತಿಜಾಲ ಎನ್ನುತ್ತಾರಂತೆ. ಕೆಂಪರಾಜುವಿನ ಊರಿನಲ್ಲಿ ಮಾತ್ರ ಅದಕ್ಕೆ 'ರೀಚಾರ್ಜ್ ಆಪ್' ಎಂದೇ ಹೆಸರು. ಹೋದ ಯುಗಾದಿಗೆ, ಸೇರಿದವರಿಗೆಲ್ಲ ಒಂದು ತಿಂಗಳ ರೀಚಾರ್ಜು ಪುಕ್ಕಟೆ ಎಂದು ಕಂಪನಿ ಸಾರಿದಾಗ ಊರಿಗೆ ಊರೇ ಹೋಗಿ ಸೇರಿತ್ತು. ಇಡ್ಲಿ ಮಾರುವ ಅಮ್ಮಯಮ್ಮನೂ ಅದರಲ್ಲಿ 'ಸಂಸ್ಥಾಪಕಿ ಮತ್ತು ಮುಖ್ಯ ಕಾರ್ಯನಿರ್ವಾಹಕಿ' ಆಗಿದ್ದಳು. ಆ ವಿಷಯ ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಕೆಂಪರಾಜು ಕೆಲಸ ಮಾಡುತ್ತಿದ್ದುದು ಬಾಶೆಟ್ಟಿಹಳ್ಳಿಯ ರಾಮಾಂಜಿನಪ್ಪನವರ ಫ್ಯಾಕ್ಟರಿಯಲ್ಲಿ. ಟೊಮ್ಯಾಟೊ, ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಅಲ್ಲಿ ಮಾಡುತ್ತಾರೆ. ಇವನದು ರಾತ್ರಿ ಪಾಳಿ. ಲಾರಿಗೆ ಹತ್ತುವ ಕ್ರೇಟು ಎಣಿಸುವುದು, ಡ್ರೈವರನ ಸಹಿ ಹಾಕಿಸಿಕೊಳ್ಳುವುದು, ಬೆಳಗ್ಗೆ ಮನೆಗೆ ಬಂದು ಬಿದ್ದುಕೊಳ್ಳುವುದು. ಸಂಜೆಯ ಬಿಸಿಲನ್ನು ಅವನು ನೋಡುತ್ತಿದ್ದುದು ಪಾಳಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಮಾತ್ರ.

ಅದನ್ನೆಲ್ಲ ಅವನು ಸಹಿಸಿಕೊಂಡೇ ಇದ್ದ. ಆದರೆ ಹೋದ ತಿಂಗಳು ಎರಡನೇ ಕ್ಲಾಸಿನ ಮಗಳು ಮೇಘನಾಳಿಗೆ ಶಾಲೆಯಲ್ಲಿ 'ನನ್ನ ಕುಟುಂಬ' ಎಂದು ಚಿತ್ರ ಬರೆಯಲು ಹೇಳಿದರು. ಚಿತ್ರದಲ್ಲಿ ಅಮ್ಮ ನಿಂತಿದ್ದಳು, ಮೇಘನಾ ನಿಂತಿದ್ದಳು, ಸೀಮೆಹಸು ಕೂಡ ನಿಂತಿತ್ತು. ಅಪ್ಪ ಮಾತ್ರ ಕಂಬಳಿ ಹೊದ್ದು ಮಲಗಿದ್ದ. ಮಿಸ್ಸು ಕೆಂಪರಾಜುವಿನ ಹೆಂಡತಿ ಚೈತ್ರಳನ್ನು ಪಕ್ಕಕ್ಕೆ ಕರೆದು, "ನಿಮ್ಮ ಮನೆಯವರಿಗೆ ಹುಷಾರಿಲ್ವಾ?" ಎಂದು ಮೆಲ್ಲಗೆ ವಿಚಾರಿಸಿದ್ದರು. ಅದನ್ನು ಕೇಳಿದ ದಿನ ಕೆಂಪರಾಜು ಅರ್ಧ ಮುದ್ದೆಗೇ ಎದ್ದುಬಿಟ್ಟ. ಹೇಗಾದರೂ ಸರಿ, ಹಗಲು ಪಾಳಿಗೆ ಬರಬೇಕು, ಮಗಳ ಚಿತ್ರದಲ್ಲಿ ಎದ್ದು ನಿಲ್ಲಬೇಕು ಎಂದು ಅವತ್ತೇ ಅಂದುಕೊಂಡ.

ದೇವರು ಕಣ್ಣು ಬಿಟ್ಟ ಹಾಗೆ ಸ್ಟೋರ್ ಇನ್‌ಚಾರ್ಜಿನ ಜಾಗ ಖಾಲಿಯಾಯಿತು. ಹಗಲು ಕೆಲಸ, ಫ್ಯಾನಿನ ಕೆಳಗೆ ಕುರ್ಚಿ, ಕತ್ತಲಾಗುವ ಮುಂಚೆ ಮನೆ. ಹಿಂದೆ ಇದ್ದವನು ಅಮ್ಮನಿಗೆ ಹುಷಾರಿಲ್ಲವೆಂದು ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕೆಲಸ ಬಿಟ್ಟು ಓಡಿದ್ದ. ಪಾಪ, ಆ ಆತುರದಲ್ಲಿ ಟಿಫನ್ ಕ್ಯಾರಿಯರನ್ನೂ ಸ್ಟೋರಿನಲ್ಲೇ ಬಿಟ್ಟು ಹೋಗಿದ್ದನಂತೆ. ಅವನ ಜಾಗಕ್ಕೆ ಕಣ್ಣು ಹಾಕಿದವರು ಇಬ್ಬರು: ಒಬ್ಬ ಕೆಂಪರಾಜು, ಇನ್ನೊಬ್ಬ ಬಿಲ್ಲಿಂಗ್ ಸೆಕ್ಷನ್ನಿನ ಹರಿಪ್ರಸಾದ್.

ಅವತ್ತು ಬೆಳಗ್ಗೆ ಪಾಳಿ ಮುಗಿಸಿ ಬಂದ ಕೆಂಪರಾಜು ಅಮ್ಮಯಮ್ಮನ ಅಂಗಡಿಯ ಬೆಂಚಿನ ಮೇಲೆ ಕೂತು ಇಡ್ಲಿಗೆ ಕೈ ಹಾಕುವಷ್ಟರಲ್ಲಿ ಅವನ ಸೋದರಮಾವ ಪಿಳ್ಳಪ್ಪ ಪೇಪರು ಹಿಡಿದುಕೊಂಡು ಬಂದ.

"ಲೇ ಕೆಂಪ, ನಮ್ಮ ರೀಚಾರ್ಜ್ ಆಪು ಮಾರಾಟ ಆಗೋಯ್ತಂತೆ ಕಣ್ಲಾ!"

"ಯಾರ್ಗಂತೆ ಮಾವ?"

"ಅಮೇರಿಕದೋರ್ಗೆ. ಸಾವಿರಾರು ಕೋಟಿ ಅಂತೆ. ಅದ್ರುದು ಜಮೀನು ಎಷ್ಟೈತ್ಲಾ?"

"ಜಮೀನು ಇಲ್ಲ ಮಾವ."

"ಬಿಲ್ಡಿಂಗು?"

"ಇದ್ರೂ ಬಾಡಿಗೇದು ಇರ್ಬೇಕು."

"ಮತ್ತೆ ಏನು ನೋಡಿ ತಗೊಂಡ್ರು?"

"ನಮ್ಮನ್ನೇ ಮಾವ. ಅದ್ರೊಳಗೆ ಇರೋ ಜನಾನ ನೋಡಿ ತಗೊಂಡವ್ರೆ."

ಪಿಳ್ಳಪ್ಪ ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡ. ಅವನ ಮುಖ ಕೆಂಪಗಾಯಿತು. "ನನ್ನ ಒಂದ್ ಮಾತು ಕೇಳ್ದಲೇ ನನ್ನ ಮಾರವ್ರಾ? ಪಹಣಿ ನೋಡ್ಲಿಲ್ಲ, ಸಹಿ ಹಾಕಿಸ್ಕೊಳ್ಲಿಲ್ಲ, ಕೊನೇಪಕ್ಷ ಅಡ್ವಾನ್ಸೂ ಇಲ್ಲ!"

"ನಿನ್ನನ್ನ ತಗೊಂಡೋರು ನಷ್ಟ ಮಾಡ್ಕೊಂಡ್ರು ಬಿಡಪ್ಪ," ಎಂದು ಅಮ್ಮಯಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಆಕೆಯ ಮುಖ ಹಬೆಯಲ್ಲಿ ಮರೆಯಾಗಿದ್ದರಿಂದ ಪಿಳ್ಳಪ್ಪನಿಗೆ ದುರುಗುಟ್ಟಿ ನೋಡಲೂ ಆಗಲಿಲ್ಲ.

ಅಷ್ಟರಲ್ಲಿ ಕೆಂಪರಾಜುವಿನ ಫೋನು ಟಿಣ್ ಎಂದಿತು. ಫ್ಯಾಕ್ಟರಿಯ ವಾಟ್ಸಾಪ್ ಗುಂಪಿನಲ್ಲಿ ರಾಮಾಂಜಿನಪ್ಪನವರ ದನಿ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಮಾರಿ ಫ್ಯಾಕ್ಟರಿ ಕಟ್ಟಿದವರು ಅವರು. ಯಾವುದೇ ವಸ್ತುವಿನ ನಿಜ ಗೊತ್ತಾಗುವುದು ಅದಕ್ಕೆ ಯಾರು ಎಷ್ಟು ಕೊಟ್ಟರು ಎನ್ನುವುದರಿಂದ ಎಂದು ಅವರು ಬಲವಾಗಿ ನಂಬಿದ್ದರು.

"ಎಲ್ರಿಗೂ ನಮಸ್ಕಾರ. ಪೇಪರು ನೋಡಿದ್ರಲ್ಲಾ? ಅಷ್ಟು ದೊಡ್ಡ ಕಂಪನಿ ಲೆಕ್ಕ ಹಾಕ್ದಲೇ ಸುಮ್ನೆ ಅಷ್ಟು ಕೋಟಿ ಸುರಿಯಲ್ಲ. ಅಂದ್ಮೇಲೆ ಕಸುಬುಕಟ್ಟೇಲಿ ಇರೋದು ಸತ್ಯ ಅಂತಾಯ್ತು. ಇನ್ಮೇಲೆ ನಮ್ಮಲ್ಲಿ ಇಂಟರ್‌ವ್ಯೂ ಗಿಂಟರ್‌ವ್ಯೂ ಏನೂ ಇಲ್ಲ. ಇವತ್ತು ಸಂಜೆ ಐದಕ್ಕೆ ಯಾರ ಹೆಸರ ಮುಂದೆ ಟಿಕ್ಕು ಜಾಸ್ತಿ ಇರ್ತದೋ ಅವ್ರೇ ಸ್ಟೋರ್ ಇನ್‌ಚಾರ್ಜು. ಜೈ ಘಾಟಿ ಸುಬ್ಬಪ್ಪ!"

ಕೆಂಪರಾಜು ಇಡ್ಲಿ ಬಿಟ್ಟು ಕಸುಬುಕಟ್ಟೆ ತೆರೆದ. ಲೋಡಿಂಗ್, ಸ್ಟಾಕ್ ಲೆಕ್ಕ, ಫೋರ್ಕ್‌ಲಿಫ್ಟ್ ಎಂದು ಅವನು ಮೂರು ವಿದ್ಯೆ ಬರೆದುಕೊಂಡಿದ್ದ. ಮೂರಕ್ಕೂ ಸೇರಿ ಹನ್ನೊಂದು ಟಿಕ್ಕಿದ್ದವು. ಹರಿಪ್ರಸಾದನದು ನೋಡಿದರೆ ನೂರರ ಹತ್ತಿರ! ಅವನು ದಿನಾ ಬೆಳಗ್ಗೆ ಸೂರ್ಯನ ಚಿತ್ರದ ಕೆಳಗೆ 'ಸೋಲು ಗೆಲುವಿನ ಅಣ್ಣ' ಎನ್ನುವಂಥ ಮಾತು ಹಾಕುತ್ತಿದ್ದ. ಜನ ಸೂರ್ಯನಿಗೆ ನಮಸ್ಕಾರ ಹಾಕಿದಂತೆ ಅವನಿಗೊಂದು ಟಿಕ್ಕು ಒತ್ತುತ್ತಿದ್ದರು.

"ಮುಗೀತು ಮಾವ, ನಂಗೆ ಕಂಬಳೀನೇ ಗತಿ," ಎಂದು ಕೆಂಪರಾಜು ಫೋನು ಬೆಂಚಿನ ಮೇಲಿಟ್ಟ.

ಪಿಳ್ಳಪ್ಪ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡ. ಆಮೇಲೆ ಮೀಸೆಯ ಮೇಲೆ ಕೈಯಾಡಿಸಿದ. "ಲೇ, ಇಷ್ಟು ವರ್ಷ ನೀನು ಎಷ್ಟು ಮದುವೆಗೆ ಮುಯ್ಯಿ ಮಾಡಿದ್ದೀಯ?"

"ಲೆಕ್ಕ ಇಟ್ಟೋರು ಯಾರು ಮಾವ."

"ನಾನಿಟ್ಟಿದ್ದೀನಿ. ಎಲ್ಲಾ ನನ್ನ ನಾಲಿಗೆ ಮೇಲೈತೆ. ನಿಂಗೆ ವಾಪಸ್ ಬರೋದು ಯಾವಾಗ? ಮೇಘನ ಮದುವೆಗೆ. ಅಲ್ಲೀಗಂಟ ಯಾಕ್ ಕಾಯ್ಬೇಕು? ಇವತ್ತೇ ಟಿಕ್ಕಲ್ಲಿ ವಸೂಲಿ ಮಾಡು. ನಡಿ, ಗಾಡಿ ತೆಗಿ!"

ಈ ಸೀಮೆಯಲ್ಲಿ ಮುಯ್ಯಿ ಎಂದರೆ ಸರ್ಕಾರದ ಕಾನೂನಿಗಿಂತ ಗಟ್ಟಿ. ಅವರ ಮನೆಯ ಮದುವೆಗೆ ನಾವು ಮಾಡಿದ್ದನ್ನು ನಮ್ಮ ಮನೆಯ ಮದುವೆಗೆ ಅವರು ತೀರಿಸಲೇಬೇಕು. ತೀರಿಸುವಾಗ ಅಷ್ಟಕ್ಕಷ್ಟೇ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ, ಮೇಲೊಂದಿಷ್ಟು ಸೇರಿಸಿ ಕೊಡಬೇಕು. ಸೇರಿಸದವರ ಮನೆತನದ ಬಗ್ಗೆ ಪಂಕ್ತಿಯಲ್ಲಿ ಮಾತು ಬರುತ್ತದೆ. ಅದಕ್ಕಿಂತ ದಂಡ ಕಟ್ಟುವುದು ವಾಸಿ.

ವಸೂಲಿ ಅಮ್ಮಯಮ್ಮನಿಂದಲೇ ಶುರುವಾಯಿತು. ಆಕೆಯ ಮೊಮ್ಮಗಳ ಮದುವೆಗೆ ಕೆಂಪರಾಜು ಸ್ಟೀಲಿನ ಕೊಳಗ ಕೊಟ್ಟಿದ್ದ.

"ಅಜ್ಜಿ, ಇಲ್ಲಿ ಒಂದು ಬೆರಳು ಒತ್ತು. ನಂಗೆ ಫೋರ್ಕ್‌ಲಿಫ್ಟು ಓಡ್ಸೋಕೆ ಬರ್ತದೆ ಅಂತ."

"ಅಂಗಂದ್ರೇನು?"

"ಫ್ಯಾಕ್ಟ್ರೀಲಿ ಸಾಮಾನು ಎತ್ತೋ ಗಾಡಿ."

"ನೀನು ಓಡಿಸಿದ್ದು ನಾನು ನೋಡಿಲ್ವಲ್ಲಪ್ಪ. ನೋಡ್ದಿರೋದಕ್ಕೆ ಸಾಕ್ಷಿ ಹೇಳು ಅಂದ್ರೆ ಹೆಂಗೆ? ದೇವರು ಮೆಚ್ತಾನಾ?"

"ಸ್ಟಾಕ್ ಲೆಕ್ಕ?"

"ಮೊನ್ನೆ ಮೂರು ಇಡ್ಲಿ ತಿಂದು ಎರಡು ಅಂದೆ. ಅದಕ್ಕಂತೂ ಒತ್ತಲ್ಲ."

ಆಕೆ ಹೇಳುವುದರಲ್ಲೂ ನ್ಯಾಯವಿತ್ತು. ಇವನು ದುಡಿಯುವುದು ಊರೆಲ್ಲ ಮಲಗಿದಾಗ, ಊರೆಲ್ಲ ದುಡಿಯುವಾಗ ಇವನು ಮಲಗಿರುತ್ತಾನೆ. ಇವನಿಗೆ ಏನು ಬರುತ್ತದೆಂದು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ.

ಅಮ್ಮಯಮ್ಮ ಕೈ ಒರೆಸಿಕೊಂಡಳು. "ಕಂಡಿದ್ದಕ್ಕೆ ಬೇಕಾದ್ರೆ ಒತ್ತೀನಿ. ಅವತ್ತು ಪಿಳ್ಳಪ್ಪನ ಕೊಟ್ಟಿಗೇಲಿ ಹಾವು ಹಿಡ್ದೆಯಲ್ಲ, ಅದನ್ನ ನಾನೇ ನೋಡಿದೀನಿ."

"ಅಯ್ಯೋ ಹೌದಲ್ವಾ!" ಎಂದು ಪಿಳ್ಳಪ್ಪ ತೊಡೆ ತಟ್ಟಿದ.

ಆ ಹಾವಿನ ಪ್ರಸಂಗವನ್ನು ಇಲ್ಲಿ ಹೇಳಿಬಿಡಬೇಕು. ಒಂದು ದಿನ ಪಿಳ್ಳಪ್ಪನ ಕೊಟ್ಟಿಗೆಗೆ ಹುಲ್ಲು ತರಲು ಹೋದ ಕೆಂಪರಾಜು ಬಿದಿರಿನ ಮಂಕರಿ ಎತ್ತಿದರೆ ಅದರ ಕೆಳಗೆ ಒಂದು ಹಾವು ಸುತ್ತಿಕೊಂಡಿತ್ತು. ಕೆಂಪರಾಜುವಿನ ಕೈಯಿಂದ ಮಂಕರಿ ಜಾರಿ ಹಾವಿನ ಮೇಲೆ ಕವುಚಿಕೊಂಡಿತು. ಅವನು ಎಚ್ಚರ ತಪ್ಪಿ ಆ ಮಂಕರಿಯ ಮೇಲೆಯೇ ಕುಸಿದ. ಸದ್ದು ಕೇಳಿ ಜನ ಬಂದು ನೋಡಿದಾಗ ಒಳಗೆ ಹಾವು ಬುಸುಗುಡುತ್ತಿದೆ, ಮೇಲೆ ಕೆಂಪರಾಜು ಕಣ್ಣು ಮುಚ್ಚಿ ಕೂತಿದ್ದಾನೆ! ನೀರು ಚಿಮುಕಿಸಿ ಇಳಿಸಿದರು, ಬೆನ್ನು ತಟ್ಟಿದರು, ದೊಡ್ಡ ಲೋಟದಲ್ಲಿ ಹಾಲು ಕೊಟ್ಟರು. ನಿಜ ಹೇಳಬೇಕೆಂದು ಅವನೂ ಬಾಯಿ ತೆರೆದಿದ್ದ. ಅಷ್ಟರಲ್ಲಿ ಹಾಲು ಬಂದದ್ದರಿಂದ ಬಾಯಿ ಅದಕ್ಕೆ ಬಳಕೆಯಾಯಿತು.

ಪಿಳ್ಳಪ್ಪ ಆಗಲೇ ಫೋನು ಕಿತ್ತುಕೊಂಡು ಕೆಂಪರಾಜುವಿನ ಹೆಸರಿನ ಕೆಳಗೆ 'ಹಾವು ಹಿಡಿಯುವುದು' ಎಂದು ಸೇರಿಸಿ ತಾನೊಂದು ಟಿಕ್ಕು ಒತ್ತಿಯಾಗಿತ್ತು. ಅಮ್ಮಯಮ್ಮ ಸೊಂಟದಿಂದ ತನ್ನ ಫೋನು ತೆಗೆದು ಇನ್ನೊಂದು ಒತ್ತಿದಳು. ಬೆಂಚಿನ ಮೇಲಿದ್ದ ಗಿರಾಕಿಗಳು, "ನಾವೂ ಅವತ್ತು ಅಲ್ಲೇ ಇದ್ವಿ," ಎಂದು ಆಳಿಗೊಂದು ಒತ್ತಿದರು. ಹನ್ನೊಂದು ಇದ್ದದ್ದು ಇಡ್ಲಿ ಆರುವಷ್ಟರಲ್ಲಿ ಇಪ್ಪತ್ತು ದಾಟಿತು.

ಬಟ್ಟೆ ಬದಲಾಯಿಸಲು ಮನೆಗೆ ಬಂದಾಗ ಚೈತ್ರ ಫೋನು ನೋಡಿ ಹಣೆ ಚಚ್ಚಿಕೊಂಡಳು.

"ಏನ್ರೀ ಇದು? ಜಿರಲೆ ಕಂಡ್ರೆ ಮಂಚ ಹತ್ತೋರು ನೀವು! ಹಾವು ಹಿಡೀತೀರಾ?"

"ಮೆತ್ತಗೆ ಮಾತಾಡೇ, ಮಾವ ಆಚೆ ನಿಂತವ್ನೆ."

"ಮೊದ್ಲು ಅದನ್ನ ತೆಗೀರಿ. ನಾಳೆ ಯಾರಾದ್ರೂ ಓದಿದ್ರೆ?"

"ಓದೋರು ಯಾರೇ? ಸಾಹೇಬ್ರು ಟಿಕ್ಕು ಎಣಿಸ್ತೀನಿ ಅಂದವ್ರೆ, ಓದ್ತೀನಿ ಅಂದಿಲ್ಲ. ನಾನು ಕ್ರೇಟು ಎಣಿಸುವಾಗ ಒಳಗೆ ಏನೈತೆ ಅಂತ ನೋಡ್ತೀನಾ?"

ಗೋಡೆಗೆ ಅಂಟಿಸಿದ್ದ ಮಗಳ ಚಿತ್ರದ ಕಡೆ ಒಮ್ಮೆ ನೋಡಿ, ಚೈತ್ರ ಅವನ ಇಸ್ತ್ರಿ ಅಂಗಿ ತೆಗೆದುಕೊಟ್ಟಳು. ಅವಳಿಗೂ ಗಂಡ ಸಂಜೆ ಹೊತ್ತು ಮನೆಯಲ್ಲಿದ್ದರೆ ಬೇಡವಾಗಿತ್ತೇ?

ಮಧ್ಯಾಹ್ನದ ಹೊತ್ತಿಗೆ ಮಾವ ಅಳಿಯ ಸೇರಿ ಅರ್ಧ ಊರು ಮುಗಿಸಿದರು. ಎಲ್ಲ ಮನೆಯಲ್ಲೂ ಒಂದೇ ಕತೆ. ಫೋರ್ಕ್‌ಲಿಫ್ಟಿಗೆ ಯಾರೂ ಒತ್ತಲೊಲ್ಲರು, ಹಾವಿಗೆ ಎಲ್ಲರೂ ಮುಂದು. ಆದರೂ ಹರಿಪ್ರಸಾದ್ ಇನ್ನೂ ಮುಂದೆಯೇ ಇದ್ದ. ಅವನ ಕಡೆಯವರೆಲ್ಲ ನೆಲಮಂಗಲದವರು, ಹೈವೇ ಬದಿಯ ಗೋಡೌನುಗಳಲ್ಲಿ ಕೆಲಸಕ್ಕಿರುವವರು. ಒಂದು ಗೋಡೌನು ಒತ್ತಿದರೆ ಐವತ್ತು ಟಿಕ್ಕು.

"ಬಿಡಿ ಬಿಡಿಯಾಗಿ ಆಗಲ್ಲ ಕಣ್ಲಾ," ಎಂದ ಪಿಳ್ಳಪ್ಪ. "ನಡಿ ಬೀಗರೂಟಕ್ಕೆ."

ದೊಡ್ಡಬಳ್ಳಾಪುರದ ರಸ್ತೆಯ ಛತ್ರವೊಂದರಲ್ಲಿ ಅವತ್ತು ಅವರ ನೆಂಟರ ಪೈಕಿ ಬೀಗರ ಔತಣವಿತ್ತು. ಇವರು ಹೋಗುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು. ಮಟನ್ ಸಾರಿನ ವಾಸನೆಗೆ ಕೆಂಪರಾಜುವಿನ ನಿದ್ದೆ ಅರ್ಧ ಹಾರಿತು. ಆದರೆ ಪಿಳ್ಳಪ್ಪ ಅವನನ್ನು ಊಟಕ್ಕೆ ಬಿಡದೆ ಸೀದಾ ಮುಯ್ಯಿ ಓದುವವನ ಕೈಯಿಂದ ಮೈಕು ಕಿತ್ತುಕೊಂಡ.

"ಬಂಧುಗಳೇ, ನಮ್ಮ ಅಳಿಯ ಕೆಂಪರಾಜು ನಿಮ್ಮೆಲ್ಲರ ಮನೆಗೂ ಮುಯ್ಯಿ ಮಾಡವ್ನೆ. ಯಾರ್ಯಾರಿಗೆ ಏನೇನು ಅಂತ ನಾನು ಬೇಕಾದ್ರೆ ಮೈಕಲ್ಲೇ ಹೇಳ್ತೀನಿ..."

ಯಾರಿಗೂ ಅದು ಬೇಕಿರಲಿಲ್ಲ. ಜನ ದಡಬಡಿಸಿ ಫೋನು ತೆಗೆದರು. ಆದರೆ ಮುಯ್ಯಿ ಎಂದಮೇಲೆ ಮೇಲೊಂದಿಷ್ಟು ಸೇರಿಸಬೇಕಲ್ಲ! ಒಬ್ಬರು 'ಹಾವು ಹಿಡಿಯುವುದು' ಎಂಬುದಕ್ಕೆ ಟಿಕ್ಕು ಒತ್ತಿ, 'ನಾಗರಹಾವು ಹಿಡಿಯುವುದು' ಎಂದು ಹೊಸದೊಂದು ಬರೆದರು. ಅವರ ಎದುರಿನವರು ತಾವೇನು ಕಡಿಮೆಯೆಂದು 'ಬರಿಗೈಯಲ್ಲಿ ಹಿಡಿಯುವುದು' ಎಂದು ಬರೆದರು. ಮೂರನೆಯವರು ಮಟನ್ ಮೂಳೆ ಕೆಳಗಿಟ್ಟು, 'ಕತ್ತಲೆಯಲ್ಲೂ ಹಿಡಿಯುವುದು' ಎಂದು ಬರೆದು ಕೈ ತೊಳೆಯಲು ಹೋದರು. ಆಮೇಲೆ ಬಂದವರೆಲ್ಲ ನಾಲ್ಕಕ್ಕೂ ಒತ್ತಿದರು.

ಅಷ್ಟಾದರೂ ಒಬ್ಬ ಹಿರಿಯರಿಗೆ ಅನುಮಾನ ಬಂತು. "ಅಲ್ಲಪ್ಪ, ಇವ್ನು ಹಿಡಿದಿದ್ದು ನೀವು ನೋಡಿದೀರಿ. ನಾವು ನೋಡಿಲ್ವಲ್ಲ?"

ಆ ಮಾತು ಮುಗಿಯುವಷ್ಟರಲ್ಲಿ ಅಡಿಗೆಮನೆಯ ಹಿಂದಿನಿಂದ, "ಹಾವು! ಸೌದೇಲಿ ಹಾವು!" ಎಂದು ಕಿರುಚಾಟ ಕೇಳಿತು.

ಪಂಕ್ತಿಯೆಲ್ಲ ಕೆಂಪರಾಜುವಿನ ಕಡೆ ತಿರುಗಿತು. ಅವನು ಬಾಗಿಲ ಕಡೆ ತಿರುಗಿದ. ಆದರೆ ಜನ ಅವನನ್ನು ಓಡಲು ಬಿಡಲಿಲ್ಲ. ಎಂಜಲು ಕೈಗಳೇ ಅವನನ್ನು ತಳ್ಳಿಕೊಂಡು ಹೋಗಿ ಸೌದೆ ರಾಶಿಯ ಮುಂದೆ ನಿಲ್ಲಿಸಿದವು. ಮಾರುದ್ದದ ಕೇರೆಹಾವು ತಲೆಯೆತ್ತಿ ಅವನನ್ನೇ ನೋಡುತ್ತಿತ್ತು. ಕೆಂಪರಾಜುವಿನ ಕಾಲು ಸತ್ತುಹೋಯಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ತುಟಿ ಮಾತ್ರ, "ಅಯ್ಯೋ ಅಮ್ಮ, ಅಯ್ಯೋ ಅಮ್ಮ," ಎಂದು ಅಲ್ಲಾಡುತ್ತಿತ್ತು. ಇಷ್ಟು ಜನರ ಗದ್ದಲ ಕಂಡು ಹಾವಿಗೂ ಭಯವಾಗಿರಬೇಕು, ಸರಸರನೆ ಕಾಂಪೌಂಡು ಹತ್ತಿ ಆಚೆಗೆ ಹೋಯಿತು.

"ಮಂತ್ರ! ಏನೋ ಮಂತ್ರ ಹೇಳ್ದ ಕಣ್ರೋ!" ಎಂದರು ಆ ಹಿರಿಯರು. ಈ ಸಲ ಎಲ್ಲರಿಗಿಂತ ಮೊದಲು ಒತ್ತಿದ್ದು ಅವರೇ. 'ಕೈಯನ್ನೇ ಮುಟ್ಟಿಸದೆ ಓಡಿಸುವುದು' ಎಂದು ಇನ್ನೊಂದು ವಿದ್ಯೆಯನ್ನೂ ಸೇರಿಸಿದರು.

ಕೆಂಪರಾಜು ನೀರು ಕುಡಿದು ಸುಧಾರಿಸಿಕೊಂಡು ಫೋನು ನೋಡಿದರೆ ಟಿಕ್ಕು ಮುನ್ನೂರರ ಗಡಿ ಮುಟ್ಟಿತ್ತು. ಅವನಿಗೆ ನಂಬಿಕೆಯೇ ಬರಲಿಲ್ಲ. ಅದೇ ಹೊತ್ತಿಗೆ ಹರಿಪ್ರಸಾದನ ಕರೆ ಬಂತು. ಜಗಳಕ್ಕೆ ಬಂದನೆಂದು ಕೆಂಪರಾಜು ಗಂಟಲು ಸರಿಮಾಡಿಕೊಂಡ. ಹರಿಪ್ರಸಾದನ ದನಿ ಬೆಲ್ಲದಂತಿತ್ತು.

"ಕೆಂಪರಾಜಣ್ಣ, ನಂಗೆ ಮನಸ್ಸಲ್ಲಿ ಏನೂ ಇಲ್ಲಣ್ಣ. ಆ ಪೋಸ್ಟು ನಿಮಗೇ ಸಿಗ್ಬೇಕು. ನಾನೂ ನಿಮಗೊಂದು ಟಿಕ್ಕು ಒತ್ತಿದೀನಿ. ನಮ್ಮ ನೆಲಮಂಗಲದೋರ ಕೈಲೂ ಒತ್ತಿಸ್ತಾ ಇದೀನಿ."

"ಯಾಕ್ ಗುರು? ಬೆಳಗ್ಗೆ ಅಷ್ಟು ಪೈಪೋಟಿ ಮಾಡ್ತಿದ್ಯಲ್ಲ?"

"ಮಧ್ಯಾಹ್ನ ಆಫೀಸಲ್ಲಿ ಕೂತು ಯೋಚನೆ ಮಾಡ್ದೆ ಅಣ್ಣ. ನಿಮಗೆ ಮಗು ಇದೆ. ನಂಗೇನು, ಒಂಟಿ ಆಸಾಮಿ."

ಕೆಂಪರಾಜುವಿನ ಕಣ್ಣು ತುಂಬಿ ಬಂತು. ಇಂಥ ಒಳ್ಳೆಯವನ ಬಗ್ಗೆ ತಾನು ಏನೇನೋ ಅಂದುಕೊಂಡೆನಲ್ಲ ಎಂದು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

ಐದು ಗಂಟೆಗೆ ರಾಮಾಂಜಿನಪ್ಪನವರ ಕೋಣೆಯಲ್ಲಿ ಇಬ್ಬರೂ ನಿಂತಿದ್ದರು. ಗೋಡೆಯ ಮೇಲೆ ಘಾಟಿ ಸುಬ್ರಹ್ಮಣ್ಯನ ದೊಡ್ಡ ಪಟ, ಅದಕ್ಕೆ ಕನಕಾಂಬರದ ಹಾರ. ಪಟದ ಕೆಳಗೆ ಕಂಪ್ಯೂಟರು. ಸಾಹೇಬರು ಕನ್ನಡಕ ಏರಿಸಿಕೊಂಡು ನೋಡಿದರು.

"ಹರಿಪ್ರಸಾದು, ನಿಂದು ನೂರಾ ಇಪ್ಪತ್ತು. ಕೆಂಪರಾಜು, ನಿಂದು..." ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಐನೂರಾ ಚಿಲ್ಲರೆ! ಭೇಷ್ ಕಣಯ್ಯಾ. ನೀನೇ ಇನ್‌ಚಾರ್ಜು!"

ಕೆಂಪರಾಜುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಸಂಜೆ ಮನೆ, ಮಗಳ ಜೊತೆ ಅಂಗಡಿ ಬೀದಿ, ಚಿತ್ರದಲ್ಲಿ ನೆಟ್ಟಗೆ ನಿಂತ ಅಪ್ಪ. ಅವನು ಕೈ ಮುಗಿಯುವಷ್ಟರಲ್ಲಿ ಸಾಹೇಬರು ಮೌಸನ್ನು ಉರುಳಿಸಿದರು. ಅವರ ತುಟಿ ಅಲ್ಲಾಡತೊಡಗಿತು. ಸಾಹೇಬರು ಓದುತ್ತಿದ್ದರು!

ರಾಮಾಂಜಿನಪ್ಪನವರು ಎದ್ದು ನಿಂತರು. ಬೈಯುತ್ತಾರೆಂದು ಕೆಂಪರಾಜು ತಲೆ ತಗ್ಗಿಸಿದ. ಅವರು ಮೇಜು ಸುತ್ತಿ ಬಂದು ಅವನನ್ನು ಬಾಚಿ ತಬ್ಬಿಕೊಂಡರು.

"ಇಷ್ಟು ದಿನ ಎಲ್ಲಪ್ಪಾ ಇದ್ದೆ ನೀನು?"

"ಇಲ್ಲೇ ಲೋಡಿಂಗಲ್ಲಿ ಸಾರ್."

"ನನ್ನ ಪ್ರಾಣ ಉಳಿಸ್ದೆ! ಈಗ ಹೇಳ್ತೀನಿ ಕೇಳು, ಆಚೆ ಯಾರ್ಗೂ ಹೇಳ್ಬೇಡ, ಮಧ್ಯಾಹ್ನ ಈ ಹರಿಪ್ರಸಾದನ ಕಿವೀಗೆ ಮಾತ್ರ ಬಿದ್ದದೆ. ಸ್ಟೋರೊಳಗೆ ಒಂದು ನಾಗರ ಸೇರ್ಕೊಂಡದೆ. ಆರಡಿ ಇರ್ಬೋದು. ಹಿಂದಿದ್ದ ಇನ್‌ಚಾರ್ಜು ಒಂದಿನ ಸ್ಟಾಕು ನೋಡ್ತಾ ಹೊತ್ತಾಯ್ತು ಅಂತ ಅಲ್ಲೇ ಊಟಕ್ಕೆ ಕೂತ. ಟಿಫನ್ ಕ್ಯಾರಿಯರ್ ಪಕ್ಕದಲ್ಲೇ ಎದ್ದು ಹೆಡೆ ಬಿಡ್ತಂತೆ. ಇವತ್ತಿನವರೆಗೂ ಆ ಕ್ಯಾರಿಯರು ತರೋಕೆ ಯಾರ್ಗೂ ಧೈರ್ಯ ಬಂದಿಲ್ಲ."

ಕೆಂಪರಾಜು ನಿಧಾನವಾಗಿ ಹರಿಪ್ರಸಾದನ ಕಡೆ ನೋಡಿದ. ಹರಿಪ್ರಸಾದ್ ಬಹಳ ಆಸಕ್ತಿಯಿಂದ ಫ್ಯಾನಿನ ಕಡೆ ನೋಡುತ್ತಿದ್ದ.

"ಹೊಡೆಸೋಣ ಅಂದ್ರೆ ನಮ್ಮದು ಸುಬ್ಬಪ್ಪನ ಒಕ್ಕಲು," ಎಂದು ಸಾಹೇಬರು ಪಟಕ್ಕೆ ಕೈ ಮುಗಿದರು. "ಹಾವು ಹಿಡಿಯೋರ್ನ ಕರ್ಸಿದ್ವಿ. ಹಗಲೊತ್ತು ಅದು ಕಾಣಿಸ್ಕೊಳ್ಳಲ್ಲ. ರಾತ್ರಿ ಆದ್ರೆ ಆಚೆ ಬರ್ತದೆ, ಆವಾಗ ಅವ್ರು ಬರಲ್ಲ. ಅದಕ್ಕೇ ನಿಂಗೆ ಇವತ್ತಿಂದ್ಲೇ ರಾತ್ರಿ ಪಾಳಿ."

"ಸಾರ್! ಇನ್‌ಚಾರ್ಜು ಹಗಲು ಪಾಳಿ ಅಲ್ವಾ ಸಾರ್?"

"ಹಾವಿಗೆ ಹೇಳು ಅದನ್ನ. ಕತ್ತಲೇಲೂ ಹಿಡೀತೀಯ ಅಂತ ಬರ್ದವ್ರಲ್ಲಪ್ಪ ಇಲ್ಲಿ!"

ಕೆಂಪರಾಜು ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡ. ಅವತ್ತು ಹಾಲಿನ ಲೋಟದ ಮುಂದೆ ಹೇಳದೆ ಬಿಟ್ಟದ್ದನ್ನು ಇವತ್ತು ಹೇಳಿಯೇ ಬಿಟ್ಟ. "ಸಾರ್, ತಪ್ಪಾಯ್ತು ಸಾರ್. ಅದೆಲ್ಲಾ ಸುಳ್ಳು. ನಂಗೆ ಹಾವು ಅಂದ್ರೆ ಜೀವ ಹೋಗ್ತದೆ. ಅವತ್ತು ಮಂಕರಿ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದು ಸಾರ್ ನಾನು."

ರಾಮಾಂಜಿನಪ್ಪನವರು ಗಂಭೀರರಾದರು. "ಸುಳ್ಳಾ? ಅಷ್ಟು ದೊಡ್ಡ ಕಂಪನಿ ಅಷ್ಟು ಸಾವಿರ ಕೋಟಿ ಕೊಟ್ಟು ತಗೊಂಡಿರೋದು ಸುಳ್ಳನ್ನಾ? ಅವ್ರೇನು ದಡ್ಡರಾ?" ಆಮೇಲೆ ಹರಿಪ್ರಸಾದನ ಕಡೆ ತಿರುಗಿ ತಲೆದೂಗಿದರು. "ನೋಡಿ ಕಲ್ತ್ಕೋ. ವಿದ್ಯೆ ಇರೋರು ಹಿಂಗೇ. ನಂಗೇನೂ ಬರಲ್ಲ ಅಂತಾರೆ."

"ನಿಜ ಸಾರ್," ಎಂದ ಹರಿಪ್ರಸಾದ್. "ಕೆಂಪರಾಜಣ್ಣಂಗೆ ಮೊದಲಿಂದ್ಲೂ ವಿನಯ ಜಾಸ್ತಿ."

ಸ್ಟೋರಿನ ಬೀಗದ ಕೈ ಹಿಡಿದುಕೊಂಡು ಕೆಂಪರಾಜು ಅಂಗಳ ದಾಟುವಾಗ ಸಂಜೆಯ ಬಿಸಿಲು ಕ್ರೇಟುಗಳ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಪಿಳ್ಳಪ್ಪನ ಕರೆ ಬಂತು.

"ಲೇ ಕೆಂಪ, ಕೆಲಸ ಸಿಕ್ತಂತಲ್ಲ, ಸಂತೋಷ ಕಣ್ಲಾ! ಬೆಳಗ್ಗೆ ಬಂದ ತಕ್ಷಣ ಮಲಗ್ಬೇಡ. ಅಮ್ಮಯಮ್ಮನ ಸೌದೆ ಮನೇಲಿ ಏನೋ ಸರಿದಾಡ್ತದಂತೆ. ಛತ್ರದೋರೂ ಕೇಳ್ತಾವ್ರೆ. ಬೂದಿಗೆರೆ ಬೀಗರು ಅವ್ರ ಬಾವೀಲಿ ಎರಡೈತೆ ಅಂತ ಗಾಡಿ ಕಳಿಸ್ತಾರಂತೆ."

"ಮಾವ, ನನ್ನ ಕೈಲಿ ಆಗಲ್ಲ ಮಾವ!"

"ಆಗಲ್ಲ ಅಂದ್ರೆ ಹೆಂಗ್ಲಾ? ಐನೂರು ಟಿಕ್ಕು ಒತ್ತವ್ರೆ. ಮುಯ್ಯಿ ಅಂದ್ಮೇಲೆ ತೀರಿಸ್ಬೇಕಲ್ವಾ? ಮೇಲೊಂದಿಷ್ಟು ಸೇರಿಸಿ ತೀರ್ಸು. ಮನೆತನದ ಮಾತು ಬರ್ತದೆ."

ಫೋನು ಇಟ್ಟು ಅವನು ಸ್ಟೋರಿನ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ಸದ್ದಾಯಿತು. ಈ ಸಲ ಮೇಘನಾ.

"ಅಪ್ಪಾ, ಪಿಳ್ಳಪ್ಪ ತಾತ ಎಲ್ಲಾ ಹೇಳ್ತು. ನಾನು ಹೊಸ ಚಿತ್ರ ಬರ್ದಿದೀನಿ. ಅಮ್ಮ ಐತೆ, ನಾನಿದೀನಿ, ಹಸು ಐತೆ. ನೀನು ಹಾವು ಹಿಡ್ಕೊಂಡಿದ್ದೀಯ."

"ಮಲಗಿದ್ದೀನಾ ಮಗಳೇ?"

"ಇಲ್ಲಪ್ಪ! ನೆಟ್ಟಗೆ ನಿಂತ್ಕೊಂಡಿದ್ದೀಯ. ಎಲ್ರಿಗಿಂತ ಉದ್ದ ಬರ್ದಿದೀನಿ. ಈಗ ನಿಜವಾಗ್ಲೂ ನಿಂತಿದ್ದೀಯಾ?"

ಕೆಂಪರಾಜು ಸ್ಟೋರಿನ ಬಾಗಿಲ ಕಡೆ ನೋಡಿದ. "ನಿಂತಿದ್ದೀನಿ ಕಂದ," ಎಂದ. ಅದು ಸುಳ್ಳಾಗಿರಲಿಲ್ಲ. ಕೂರಲು ಅವನಿಗೆ ಧೈರ್ಯವಿರಲಿಲ್ಲ, ಓಡಲು ಕಾಲು ಬರುತ್ತಿರಲಿಲ್ಲ.

ಅವನು ಬೀಗಕ್ಕೆ ಕೈ ಹಾಕಿದ. ಒಳಗೆ ಟಿಫನ್ ಕ್ಯಾರಿಯರು ಠಣ್ ಎಂದು ಉರುಳಿತು.